ತೂತಿನ ತಟ್ಟೆ

ಇದು ನಡೆದದ್ದೇ ಸ್ವಾಮಿ, ನಡೆದದ್ದೇ. ಒಂದಕ್ಷರ ಸುಳ್ಳಿದ್ರೆ ಆ ತಟ್ಟೆಗಳಿಗೆ ಹೊಡೆದ ಮೊಳೇನೇ ತಂದು ನನ್ನ ನಾಲಿಗೆಗೆ ಹೊಡೀರಿ, ಕಲ್ಲು ನಾನೇ ಹುಡುಕಿ ಕೊಡ್ತೀನಿ. ಮಧ್ಯೆ ಮಧ್ಯೆ ಒಂಚೂರು ಉಪ್ಪು ಖಾರ ಉದುರಿಸಿರಬಹುದು, ಅದು ನನ್ನ ಕೈಗುಣ. ಆದ್ರೆ ಮೊಳೆ ನಿಜ, ತೂತು ನಿಜ, ಬೆಂಚು ನಿಜ.

“ಏಳೋ ಮೇಲೆ, ಹಂದಿ ನನ್ಮಗನೆ! ನಿಮ್ಮಪ್ಪನ ಬೆಂಚು ಅಂತ ಕೂತಿದೀಯ?”

ಹೋಟ್ಲಿನ ಹಿಂದೆ ಮೋರಿ ಪಕ್ಕ ಕುಕ್ಕರಗಾಲಲ್ಲಿ ಕೂತು ತಟ್ಟೆ ಉಜ್ಜತಾ ಇದ್ದ ಬೂದಕ್ಕನ ಕೈ ಅಲ್ಲೇ ನಿಂತುಹೋಯ್ತು. ಬೂದೀಲಿ ಪಾತ್ರೆ ಉಜ್ಜಿ ಉಜ್ಜಿ ಅವಳ ಕೈ ಮೊಣಕೈವರೆಗೂ ಬೂದಿಬಣ್ಣ ಆಗಿತ್ತು, ಅದಕ್ಕೇ ಆ ಹೆಸರು. ಬೈಗುಳ ಅವಳಿಗೆ ಹೊಸದಲ್ಲ. ಯಜಮಾನ ಹಲ್ಲುಕಡ್ಡಿ ದಿನಾ ಬೆಳಗ್ಗೆ ಬಾಯಿ ಮುಕ್ಕಳಿಸ್ತಿದ್ದದ್ದೇ ಬೈಗುಳದಲ್ಲಿ. ಹಲ್ಲಿನ ಸಂದೀಲಿ ಯಾವಾಗ್ಲೂ ಒಂದು ಕಡ್ಡಿ ಸಿಕ್ಕಿಸಿಕೊಂಡಿರ್ತಿದ್ದ. ನಿದ್ದೇಲೂ ಅದು ಬೀಳ್ತಿರಲಿಲ್ಲ, ಸೀನಿದ್ರೂ ಬೀಳ್ತಿರಲಿಲ್ಲ. ಬೂದಕ್ಕನ ಕೈ ನಿಂತದ್ದು ಬೈಗುಳಕ್ಕಲ್ಲ, ಅದರ ಹಿಂದೆ ಬಂದ ಕೆಮ್ಮಿಗೆ. ಆ ಕೆಮ್ಮು ಅವಳ ಅಣ್ಣಂದು.

ಅಣ್ಣ ಮಾರ್ಕೆಟ್ಟಲ್ಲಿ ಹಮಾಲಿ. ತಲೆಯಿಂದ ಸೊಂಟದ ತನಕ ಗೋಣಿ ಇಳಿಬಿಟ್ಟುಕೊಂಡು ಓಡಾಡ್ತಿದ್ದ, ಎಲ್ಲರಿಗೂ ಗೋಣಿಯಣ್ಣ. ಬೆನ್ನ ಮೇಲೆ ಮೂಟೆ ಬಿದ್ದ ಮೇಲೆ ಮುಖ ಎಲ್ಲಿ ಕಾಣುತ್ತೆ ಹೇಳಿ? ಕಾಲು ಮಾತ್ರ ಕಾಣುತ್ತೆ. ಮೂವತ್ತು ವರ್ಷ ಕಾಲೇ ನೋಡಿ ಬಾಳಿದವನು ಅವನು. “ನಿನ್ನ ಮುಖ ನೋಡಿದ್ರೆ ಗುರುತು ಸಿಗಲ್ಲ ಮಾರಾಯ, ಎಲ್ಲಿ, ಚಪ್ಪಲಿ ತೋರಿಸು” ಅಂತಿದ್ದ. ಹಿಮ್ಮಡಿ ಸವೆದಿರೋದು ನೋಡಿ, ಯಾರು ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದಿದಾರೆ ಅಂತ ಹೇಳಿಬಿಡ್ತಿದ್ದ. ನೂರಕ್ಕೆ ನೂರೈದು ಸಲ ಸರಿಯಾಗಿರ್ತಿತ್ತು.

ಅವತ್ತು ಹೋಟ್ಲಿಗೆ ಹಿಟ್ಟಿನ ಮೂಟೆ ತಂದಿದ್ದ. ಹಿಂದಿನ ಓಣೀಲಿ ಕೈಗಾಡಿ ಮುರಿದು ಅಡ್ಡ ಬಿದ್ದಿತ್ತು ಅಂತ ಮುಂದಿನ ಬಾಗಿಲಿಂದ ನುಗ್ಗಿದ. ಮೂಟೆ ಇಳಿಸಿದ, ಮಂಡಿ ಕಟ್ ಅಂತ ಹಿಡ್ಕೊಳ್ತು. ಕುಂಡೆಗೆ ಏನೋ ತಗುಲ್ತು, ಕೂತ್ಕೊಂಡ. ಅದು ಮುಂದಿನ ಬೆಂಚು. ಅಡುಗೆ ಮಾಡೋ ಮುದುಕ ಒಲೆಮಾವ ಹೊಗೇಲಿ ಕಣ್ಣುಜ್ಜಿಕೊಂಡು, ಬೆಂಚಿನ ಮೇಲೆ ಯಾರೋ ಕೂತ್ರಲ್ಲ ಅಂತ, ಬ್ರೆಡ್ಡು, ಬೇಯಿಸಿದ ಕಾಳು ಹಾಕಿ ತಟ್ಟೆ ಮುಂದಿಟ್ಟ. ಇವನು ಹಸಿದವನು. ಒಂದು ತುತ್ತು ಬಾಯಿಗಿಟ್ಟ.

ಅಲ್ಲಿನ ಕಾನೂನೇ ಬೇರೆ ಇತ್ತು. ಮೂಟೆಯವರು, ಕಸದವರು ಹಿಂದಿನ ಬಾಗಿಲಲ್ಲಿ ಮೋರಿ ಪಕ್ಕ ನಿಂತು ತಿನ್ನಬೇಕು. ಅವರ ತಟ್ಟೆ ಬೇರೆ. ಗಿರಾಕಿ ತಟ್ಟೆ ಜೊತೆ ಬೆರೆತುಹೋಗಬಾರದು ಅಂತ ಅಂಚಲ್ಲಿ ಮೊಳೆ ಹೊಡೆದು ಒಂದು ತೂತು ಮಾಡಿದ್ರು. ಮಾರ್ಕೆಟ್ ಸಾಹೇಬ ಅಂತ ಒಬ್ಬ ಇದ್ದ. ಮಾರ್ಕೆಟ್ಟಿನ ಉಸ್ತುವಾರಿ ಅವನದು, ದಿನಾ ಬಿಟ್ಟಿ ಮೊಟ್ಟೆ ತಿನ್ನೋದೂ ಅವನೇ. ಅವನ ಅಪ್ಪಣೆ ಅಂತ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ರು: ‘ತೂತಿನ ತಟ್ಟೆಯವರು ಹಿಂದೆ, ನಿಂತುಕೊಂಡು.’ ಬೂದಕ್ಕನಿಗೆ ಓದು ಬರ್ತಿರಲಿಲ್ಲ. ದಿನಕ್ಕೆ ನಲವತ್ತು ಸಲ ಹಲ್ಲುಕಡ್ಡಿ ಅರಚೋದು ಕೇಳಿ ಕೇಳಿ ಬಾಯಿಪಾಠ ಆಗಿತ್ತು.

ಹಲ್ಲುಕಡ್ಡಿ ತಟ್ಟೆ ಒದ್ದ. ಕಾಳೆಲ್ಲ ಗೋಣಿಯಣ್ಣನ ಗಡ್ಡಕ್ಕೆ ಹಾರ್ತು.

“ಗೊತ್ತಾಗ್ಲಿಲ್ಲ ಯಜಮಾನ್ರೆ, ಮಂಡಿ...”

“ಮಂಡಿ ಮುರಿದು ಕೈಗೆ ಕೊಡ್ತೀನಿ ಬೋಳಿಮಗನೆ! ಹೊರು ಆ ಬೆಂಚು. ನಿನ್ನ ಕುಂಡೆ ತಗುಲಿದ್ದು ನೀನೇ ತೊಳ್ಕೊಂಡ್ ಬಾ.”

ಗೋಣಿಯಣ್ಣ ಬೆಂಚು ಹೊತ್ತ. ಇಡೀ ಮಾರ್ಕೆಟ್ ದಾಟಿ ನಲ್ಲಿ ಹತ್ರ ಹೋಗಿ ತೊಳೆದು ತಂದ. ಹಲ್ಲುಕಡ್ಡಿ ಬಗ್ಗಿ ಬೆಂಚು ಮೂಸಿ ನೋಡಿದ. “ಇನ್ನೊಂದ್ಸಲ” ಅಂದ. ಇನ್ನೊಂದ್ಸಲ ಹೊತ್ತ. ದಾರಿಯುದ್ದ ನಗು. ಮಾರ್ಕೆಟ್ ಸಾಹೇಬ ಮೊಟ್ಟೆ ನುಂಗ್ತಾ ಅಂದ, “ಕತ್ತೆ ಅನ್ನೋಣ ಅಂದ್ರೆ, ಕತ್ತೆ ಆಗಿದ್ರೆ ಒಂದು ಒದೆ ಆದ್ರೂ ಒದೀತಿತ್ತು ಕಣ್ರೀ.”

ಬೂದಕ್ಕ ಹಿಂದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ್ಲು. ಮಾರನೇ ಬೆಳಗ್ಗೆ ಅದೇ ಬಾಗಿಲಲ್ಲಿ ಅಣ್ಣನಿಗೆ ತೂತಿನ ತಟ್ಟೆ ಹಿಡಿದಳು.

“ಒಂದು ತುತ್ತು ತಿನ್ನು ಅಣ್ಣ.”

“ಬೇಡ ಕಣೇ.”

“ಹೊಟ್ಟೆ ಏನು ಮಾಡ್ತು ನಿಂಗೆ? ಅದರ ಮೇಲ್ಯಾಕೆ ಸಿಟ್ಟು?”

“ಹೊಟ್ಟೆ ಮೇಲಲ್ಲ. ಆ ಬೆಂಚಿನ ಮೇಲೆ ಕೂರಿಸಿ, ತೂತಿಲ್ಲದ ತಟ್ಟೇಲಿ ಕೊಟ್ರೆ ತಿಂತೀನಿ. ಇಲ್ದಿದ್ರೆ ನಲ್ಲಿ ನೀರಿದೆ.”

ಮೂರು ವಾರ ಬೆಳಗ್ಗೆ ಹೊತ್ತು ಅವನು ನೀರು ಕುಡಿದೇ ಮೂಟೆ ಹೊತ್ತ. ನಡೆದರೆ ಹೊಟ್ಟೇಲಿ ನೀರು ಗುಳುಗುಳು ಅನ್ನೋದು ನಾಲ್ಕಂಗಡಿ ಆಚೆಗೆ ಕೇಳಿಸ್ತಿತ್ತು. ಒಂದಿನ ಮೂಟೆ ಸಮೇತ ಬೂದಕ್ಕನ ಮುಂದೇ ಬಿದ್ದ. ಎದ್ದು ಕೂತು, “ಏನಾಗಿಲ್ಲ, ನೆಲ ಜಾರ್ತಿತ್ತು” ಅಂದ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಬೂದಕ್ಕ ಹಣ್ಣಿನ ಪೆಟ್ಟಿಗೆಯಿಂದ ಒಂದು ಮೊಳೆ ಕಿತ್ತು ಜೇಬಿಗೆ ಹಾಕ್ಕೊಂಡ್ಲು.

ಕಾಲ ಕೂಡಿ ಬಂತು. ಒಂದು ಮಧ್ಯಾಹ್ನ ಹಲ್ಲುಕಡ್ಡಿ ಹಿಂದಕ್ಕೆ ಬಂದು ಅಂದ, “ಲೇ ಬೂದಿ, ನಾಳೆ ಬೆಳಗ್ಗೆ ಮಾರ್ಕೆಟ್ ಸಾಹೇಬ್ರಿಗೂ ಮೇಲಿನ ದೊಡ್ಡ ಸಾಹೇಬ್ರು ನಮ್ಮಲ್ಲಿ ತಿಂಡಿಗೆ ಬರ್ತಾರೆ. ಅಟ್ಟದ ಮೇಲಿಂದಲೂ ಇಳಿಸಿ ಇರೋ ಅಷ್ಟೂ ತಟ್ಟೆ ಉಜ್ಜು. ಒಂದೊಂದ್ರಲ್ಲೂ ನನ್ನ ಯೋಗ್ಯತೆ ಕಾಣಬೇಕು.”

“ಕಾಣುತ್ತೆ ಯಜಮಾನ್ರೆ. ಎಲ್ಲರಿಗೂ ಕಾಣೋ ಹಾಗೆ ಮಾಡ್ತೀನಿ.”

ಅವನು ಊಟ ಮಾಡಿ ಗೊರಕೆ ಹೊಡೆಯೋಕೆ ಹೋದ. ಅಟ್ಟದಿಂದ ಇಳಿದದ್ದೂ ಸೇರಿ ಒಟ್ಟು ಮುನ್ನೂರ ಅರವತ್ತೊಂದು ತಟ್ಟೆ. ಹಲ್ಲುಕಡ್ಡಿ ಜಿಪುಣ, ಊದಿದ್ರೆ ಹಾರೋ ಅಂಥ ತಟ್ಟೆ ತಂದಿದ್ದ. ಬೂದಕ್ಕ ಒಂದನ್ನ ಮಗುಚಿ ಹಾಕಿ, ಅಂಚಿಗೆ ಮೊಳೆ ಇಟ್ಟು, ಕಲ್ಲಲ್ಲಿ ಕುಟ್ಟಿದಳು. ಟಕ್!

ಒಲೆಮಾವ ಕತ್ತು ಹೊರಗೆ ಹಾಕಿದ. “ಏನಮ್ಮಾ ಅದು ಸದ್ದು?”

“ಯಜಮಾನ್ರ ಯೋಗ್ಯತೆ ಮಾವ. ಉಜ್ಜಿದ್ರೆ ಕಾಣಲ್ಲ, ಕುಟ್ಟಬೇಕು.”

ಮುದುಕ ತಟ್ಟೆ ನೋಡಿದ, ತೂತು ನೋಡಿದ, ಅವಳ ಮುಖ ನೋಡಿದ. ಅವತ್ತು ತಪ್ಪಿ ಗೋಣಿಯಣ್ಣನ ಮುಂದೆ ತಟ್ಟೆ ಇಟ್ಟವನು ತಾನೇ ಅನ್ನೋದು ಮೂರು ವಾರದಿಂದ ಅವನ ಎದೇಲಿ ಮುಳ್ಳಾಗಿತ್ತು. ಕೊಡಲಿ ತಗೊಂಡು ಸೌದೆ ಒಡೆಯೋಕೆ ನಿಂತ. ಅವಳು ಟಕ್ ಅಂದ್ರೆ ಇವನು ಧಡ್. ಟಕ್, ಧಡ್. ಟಕ್, ಧಡ್. ಹಲ್ಲುಕಡ್ಡಿ ಒಳಗಿಂದ, “ಎಷ್ಟು ಸೌದೆ ಒಡೀತೀಯೋ ಮುದಿಯ?” ಅಂತ ಕೂಗಿದ.

ಒಲೆಮಾವ ಮೆಲ್ಲಗೆ, “ಇನ್ನೂ ಎಷ್ಟು ಸೌದೆ ಬೇಕಮ್ಮಾ?”

“ಇನ್ನೊಂದು ಇನ್ನೂರು ಮಾವ.”

ಸಂಜೆ ಹೊತ್ತಿಗೆ ಸೌದೆ ರಾಶಿ ಸೂರು ಮುಟ್ಟಿತ್ತು. ಮಳೆಗಾಲ ಪೂರ್ತಿ ಆ ಹೋಟ್ಲಿಗೆ ಸೌದೆ ತರೋ ಪ್ರಮೇಯ ಬರಲಿಲ್ಲ, ನಾನೇ ಕಣ್ಣಾರೆ ಕಂಡಿದೀನಿ. ಒಂದೇ ಒಂದು ತಟ್ಟೆಗೆ ಮಾತ್ರ ಬೂದಕ್ಕ ಮೊಳೆ ಮುಟ್ಟಿಸಲಿಲ್ಲ. ಅದನ್ನ ಬಟ್ಟೇಲಿ ಸುತ್ತಿ ಬೂದಿ ಡಬ್ಬದ ಹಿಂದೆ ಇಟ್ಟಳು. ಮನೆಗೆ ಹೋಗ್ತಾ ಅಣ್ಣನಿಗೆ ಅಂದ್ಲು, “ನಾಳೆ ಬೆಳಗ್ಗೆ ಯಾರೂ ಒಂದು ಮೂಟೇನೂ ಎತ್ತಬೇಡಿ. ಎಲ್ಲರನ್ನೂ ಕರ್ಕೊಂಡು ಮುಂದಿನ ಬಾಗಿಲಿಗೆ ಬಾ.”

“ಯಾಕೇ?”

“ತಿಂಡಿಗೆ.”

ಬೆಳಗಾಯ್ತು. ದೊಡ್ಡ ಸಾಹೇಬರು ಬಂದು ಅದೇ ಬೆಂಚಿನ ಮೇಲೆ ಕೂತರು, ಪಕ್ಕದಲ್ಲಿ ಮಾರ್ಕೆಟ್ ಸಾಹೇಬ. ಒಲೆಮಾವ ತೂತಿನ ಮೇಲೆ ಸರಿಯಾಗಿ ಬ್ರೆಡ್ಡು ಮುಚ್ಚಿ ತಟ್ಟೆ ತಂದಿಟ್ಟ. ಹಲ್ಲುಕಡ್ಡಿ ಕೈ ಹೊಸೆಯುತ್ತಾ ನಿಂತಿದ್ದ. ದೊಡ್ಡ ಸಾಹೇಬರು ಬ್ರೆಡ್ಡು ಎತ್ತಿದ್ರು. ತೂತು. ಕಿರುಬೆರಳಿನ ಉಗುರು ತೂರಿಸಿ ನೋಡಿದ್ರು. ಕಣ್ಣೆತ್ತಿದ್ರು. ಎದುರಿಗೇ ಕೆಂಪು ಅಕ್ಷರ.

“ತೂತಿನ... ತಟ್ಟೆಯವರು... ಹಿಂದೆ.” ಒಂದೊಂದೇ ಪದ ಓದಿದ್ರು. “ಇದು ನನಗಾ?”

“ಅಯ್ಯೋ, ಬದಲಾಯಿಸ್ತೀನಿ ಸ್ವಾಮಿ!” ಹಲ್ಲುಕಡ್ಡಿ ಓಡಿದ. ಇನ್ನೊಂದು ತಂದ, ತೂತು. ಮತ್ತೊಂದು, ತೂತು. ಪಕ್ಕದ ಗಿರಾಕಿ ತಟ್ಟೆ ಕಿತ್ತುಕೊಂಡ, ಅದರಲ್ಲೂ ತೂತು. ತಟ್ಟೆ ರಾಶಿಗೆ ಕೈ ಹಾಕಿ ಒಂದೊಂದೇ ಬೆಳಕಿಗೆ ಹಿಡಿದ. ತೂತಿಂದ ಬಿಸಿಲು ಅವನ ಕಣ್ಣಿಗೆ ಚುಚ್ಚಿತು. ತಟ್ಟೆ ಎಸೆದ. ಬಾಯಿಂದ ಕಡ್ಡಿ ಬಿತ್ತು.

ಆಗ ಬೂದಕ್ಕ ಒಳಗೆ ಬಂದ್ಲು. ಒಂಬತ್ತು ವರ್ಷದಲ್ಲಿ ಗಿರಾಕಿಗಳು ಕೂರೋ ಜಾಗಕ್ಕೆ ಅವಳು ಕಾಲಿಟ್ಟದ್ದು ಅದೇ ಮೊದಲು.

“ಏಳಿ ಮೇಲೆ” ಅಂದ್ಲು.

“ಏನಂದೆ?” ಮಾರ್ಕೆಟ್ ಸಾಹೇಬ ಬಾಯಿಬಿಟ್ಟ.

“ನಿಮ್ಮದೇ ಅಪ್ಪಣೆ ಸಾಹೇಬ್ರೆ. ತೂತಿನ ತಟ್ಟೆಯವರು ಹಿಂದೆ, ನಿಂತುಕೊಂಡು. ಮೋರಿ ಪಕ್ಕ ಜಾಗ ಇದೆ. ಸ್ವಲ್ಪ ನಾರುತ್ತೆ, ಮೂಗು ಹಿಡ್ಕೊಳ್ಳಿ.”

“ಸೂಳೆಮುಂಡೆ!” ಹಲ್ಲುಕಡ್ಡಿ ಕೈ ಎತ್ತಿದ. ಎತ್ತಿದ ಕೈ ಮೇಲೇ ನಿಂತಿತು. ಹಿಂದಿನಿಂದ ಗೋಣಿಯಣ್ಣ ಮಣಿಕಟ್ಟು ಹಿಡಿದಿದ್ದ, ಮೂಟೆ ಮೂತಿ ಹಿಡಿಯೋ ಹಾಗೆ. ಅವನ ಹಿಂದೆ ಬಾಗಿಲ ತುಂಬಾ ಹಮಾಲಿಗಳು. ಅವರ ಹಿಂದೆ ಬೀದಿ ತುಂಬಾ ಲಾರಿಗಳು ಹಾರ್ನ್ ಬಡೀತಿದ್ವು. ಮೂಟೆ ಹೊತ್ತವರ “ದಾರಿ, ದಾರಿ!” ಅನ್ನೋ ಕೂಗೊಂದೂ ಇಲ್ಲ.

ದೊಡ್ಡ ಸಾಹೇಬರು ಮಾರ್ಕೆಟ್ ಸಾಹೇಬನಿಗೆ, “ನಿನ್ನ ಆಮೇಲೆ ವಿಚಾರಿಸ್ಕೋತೀನಿ” ಅಂದವರೇ ಎದ್ದು ಕಾರು ಹತ್ತಿದ್ರು. ಮಾರ್ಕೆಟ್ ಸಾಹೇಬನೂ ಮೆಲ್ಲಗೆ ಎದ್ದ, ಕೈಯಲ್ಲಿ ಮೊಟ್ಟೆ.

ಬೂದಕ್ಕ ಅಡ್ಡ ನಿಂತಳು. “ಎಲ್ಲಿಗೆ? ತೂತಿನ ತಟ್ಟೆಯವರು ಕೂತ ಬೆಂಚು ಇದು. ತೊಳೆಯೋರು ಯಾರು? ಇದು ತೊಳೆದು ಬರೋ ತನಕ ಲಾರಿಯಿಂದ ಒಂದು ಮೂಟೇನೂ ಇಳಿಯಲ್ಲ.”

“ಹೇಯ್, ಯಾರಾದ್ರೂ ಹೊರ್ರೋ ಇದನ್ನ!” ಹಲ್ಲುಕಡ್ಡಿ ಕೂಗಿದ. ಒಬ್ಬನೂ ಅಲುಗಲಿಲ್ಲ. ಅವತ್ತು ಬೆಂಚು ಕಂಡು ಬಿದ್ದುಬಿದ್ದು ನಕ್ಕಿದ್ದ ಅಂಗಡಿಯವರೇ ಈಗ ಆಚೆಯಿಂದ ಬಾಯಿ ಬಡ್ಕೊಂಡ್ರು: “ಹೊತ್ತು ಸಾಯಯ್ಯಾ! ಲಾರೀಲಿ ನನ್ನ ಟೊಮೆಟೊ ಕೊಳೆತು ಸೋರ್ತಾ ಇದೆ!”

ಮುಂದೆ ಹಲ್ಲುಕಡ್ಡಿ, ಹಿಂದೆ ಮಾರ್ಕೆಟ್ ಸಾಹೇಬ. ಬೆಂಚು ಬೆನ್ನಿಗೇರಿತು. ಸೊಂಟ ಬಗ್ಗಿತು. ಬಗ್ಗಿದ ಮೇಲೆ ಹಲ್ಲುಕಡ್ಡಿಗೆ ಮುಖ ಕಾಣಲಿಲ್ಲ, ಕಾಲು ಮಾತ್ರ ಕಂಡಿತು. ಬಿರುಕು ಬಿಟ್ಟ ಹಿಮ್ಮಡಿ, ಉಗುರು ಹೋದ ಹೆಬ್ಬೆರಳು, ಎರಡೂ ಕಡೆ ಸಾಲಾಗಿ. ಯಾವುದು ಯಾರದ್ದು ಅಂತ ಒಂದೂ ಗೊತ್ತಾಗಲಿಲ್ಲ. ಗೊತ್ತಿಲ್ಲದ ಕಾಲುಗಳಿಗೆ ಅವನು, “ದಾರಿ ಬಿಡ್ರಪ್ಪಾ, ದಾರಿ” ಅಂತ ಬೇಡ್ಕೊಂಡ. ಕಾಲುಗಳು ನಿಧಾನವಾಗಿ ಸರಿದವು. ಬಹಳ ನಿಧಾನವಾಗಿ.

ತೊಳೆದು ತಂದರು. ನೀರು ತೊಟ್ಟಿಕ್ಕತಾ ಇತ್ತು. ಗೋಣಿಯಣ್ಣ ಬಗ್ಗಿ ಬೆಂಚು ಮೂಸಿ ನೋಡಿದ.

“ಇನ್ನೊಂದ್ಸಲ” ಅಂದ.

ಎರಡನೇ ಸಲ ತಂದಿಟ್ಟ ಮೇಲೆ ಒದ್ದೆ ಬೆಂಚಿನ ಮೇಲೇ ಕೂತ. ಬೂದಕ್ಕ ಬಟ್ಟೆ ಬಿಚ್ಚಿ ಆ ತಟ್ಟೆ ತೆಗೆದಳು. ಒಲೆಮಾವ ಬ್ರೆಡ್ಡು, ಕಾಳು, ಎರಡು ಮೊಟ್ಟೆ ಹಾಕಿದ. ಗೋಣಿಯಣ್ಣ ತಟ್ಟೆ ಅಂಚನ್ನ ಸುತ್ತಲೂ ಹೆಬ್ಬೆರಳಲ್ಲಿ ಸವರಿದ. ಎಲ್ಲೂ ತೂತಿಲ್ಲ. ತಿನ್ನೋಕೆ ಶುರು ಮಾಡಿದ. ಲಾರಿಗಳು ಕಾದವು.

ಮಾರನೇ ದಿನ ಪೊಲೀಸ್ನೋರು ಬಂದ್ರು. ಬೂದಕ್ಕನಿಗೆ ಏಟು ಬಿತ್ತು, ಕೆಲಸ ಹೋಯ್ತು. ಅದನ್ನ ನಾನ್ಯಾಕೆ ಮುಚ್ಚಿಡಲಿ? ಈಗ ಇನ್ನೊಂದು ಹೋಟ್ಲಲ್ಲಿ ತಟ್ಟೆ ಉಜ್ಜುತಾ ಇದಾಳೆ. ಯಾವ ಹೋಟ್ಲು ಅಂತ ಮಾತ್ರ ಕೇಳಬೇಡಿ. ಮೊಳೆ ಅವಳ ಹತ್ರಾನೇ ಇದೆ.

ಯಾಕೆ, ತುತ್ತು ಅಲ್ಲೇ ನಿಂತ್ಹೋಯ್ತಾ? ಎಲ್ಲಿ, ನಿಮ್ಮ ತಟ್ಟೆ ಅಂಚು ಒಂಚೂರು ಸವರಿ ನೋಡಿ. ತೂತು ಇದೆಯಾ? ಇದ್ರೂ ಆ ಕಡೆ ಸರೀರಿ, ಇಲ್ದಿದ್ರೂ ಸರೀರಿ. ಬೆಂಚು ಉದ್ದ ಇದೆ, ಆಗಿಂದ ನಿಂತೇ ಹೇಳ್ತಾ ಇದೀನಿ, ನನಗೂ ತಿಂಡಿ ಆಗಿಲ್ಲ.