ಹೋಗ್ತೀನಿ ಅಂದ ಹುಡುಗಿ

"ಸುಮ್ನೆ ಕೂತ್ಕೊಳ್ಳೋದಕ್ಕೂ ಕಾಲೇಜಿಗೆ ಹೋಗಿ ಕಲೀಬೇಕಾ ಮಾರಾಯ್ತಿ?" ಎಂದು ಬಂಗಾರಮ್ಮ ಅಮೂಲ್ಯಾಳನ್ನು ಕೇಳಿದರು.

"ಬರೀ ಕೂತ್ಕೊಳ್ಳೋದಲ್ಲ ಅಜ್ಜಿ. ಕಾಯಿಲೆಯವರ ಮಾತು ಕೇಳಿಸ್ಕೊಳ್ಳೋದು. ಅವರ ಮನಸ್ಸಿಗೊಂದು ಆಸರೆ ಆಗೋದು."

"ಭಜನೆ ಬರುತ್ತಾ?"

"ಇಲ್ಲ ಅಜ್ಜಿ."

"ಪ್ರವಚನ?"

"ಅಯ್ಯೋ, ಅದೂ ಇಲ್ಲ."

ಮಂಚದ ಮೇಲಿಂದ ಬೀರಪ್ಪ ಕೆಮ್ಮುತ್ತಲೇ ನಕ್ಕರು. "ಇರ್ಲಿ ಬಿಡೇ. ಈ ಮನೇಲಿ ಮಾತಾಡೋಕೆ ನೀನಿದೀಯ. ಕೇಳಿಸ್ಕೊಳ್ಳೋ ಕಿವಿಗೇ ಬರ ಬಂದಿರೋದು."

ಅಮೂಲ್ಯಾ ಶಿವಮೊಗ್ಗದ ಹೊಸಮನೆಯವಳು. ಸಮಾಜಕಾರ್ಯದಲ್ಲಿ ಎಂ.ಎ. ಓದುತ್ತಿದ್ದಳು, ಇದು ಕೊನೆಯ ವರ್ಷ. ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಿಕೊಳ್ಳುವ ಒಂದು ತಂಡದ ಜೊತೆ ಅವಳನ್ನು ತರಬೇತಿಗೆ ಹಾಕಿದ್ದರು. ನರ್ಸ್ ಸುವರ್ಣಮ್ಮ ಗಾಯ ತೊಳೆದು, ನೋವಿನ ಮಾತ್ರೆ ಕೊಟ್ಟು ಮುಗಿಸುವಷ್ಟರಲ್ಲಿ ಅಮೂಲ್ಯಾ ಪಕ್ಕದಲ್ಲಿ ಕೂತು ಕಾಯಿಲೆಯವರ ಮಾತಿಗೆ ಕಿವಿಯಾಗಬೇಕು. ಕಾಲೇಜಿನಲ್ಲಿ ಇದಕ್ಕೆ 'ಸ್ಪಿರಿಚುಯಲ್ ಕೇರ್' ಎನ್ನುತ್ತಿದ್ದರು. ಅವಳ ಅಮ್ಮ ಮಾತ್ರ ನೆಂಟರಿಗೆಲ್ಲ "ನಮ್ಮ ಹುಡುಗಿ ಆಸ್ಪತ್ರೆ ಕೆಲಸ ಕಲೀತಿದಾಳೆ" ಎಂದಷ್ಟೇ ಹೇಳಿ ಪಾರಾಗುತ್ತಿದ್ದಳು.

ಬಂಗಾರಮ್ಮನವರ ಗಂಡ ಬೀರಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಕುಲುಮೆಯ ಎದುರು ದುಡಿದು ನಿವೃತ್ತರಾಗಿ, ಅಲ್ಲೇ ನೆಲೆಸಿದವರು. ಗಂಟಲಲ್ಲಿ ಹುಟ್ಟಿದ ಕ್ಯಾನ್ಸರ್ ಹುಣ್ಣು ಈಗ ಶ್ವಾಸಕೋಶಕ್ಕೆ ಇಳಿದಿತ್ತು, ವೈದ್ಯರು ಕೈಚೆಲ್ಲಿದ್ದರು. ಅದು ಮನೆಯವರಿಗೆಲ್ಲ ಗೊತ್ತಿತ್ತು, ಬೀರಪ್ಪನವರಿಗೂ ಗೊತ್ತಿತ್ತು, ಆದರೆ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅವರೇ "ನಾನಿನ್ನು..." ಎಂದು ಶುರುಮಾಡಿದರೆ ಸಾಕು, ಬಂಗಾರಮ್ಮ ಅಡುಗೆಮನೆಯಿಂದಲೇ "ಬಿಡ್ತು ಅನ್ರಿ!" ಎಂದು ಕೂಗುತ್ತಿದ್ದರು. ಕೆಟ್ಟ ಮಾತು ಬಾಯಿಗೆ ಬಂದರೆ ಅದನ್ನು ಹಾಗೇ ಬಿಡಬಾರದಲ್ಲ. ಬೀರಪ್ಪನವರೂ ಪಾಪ, "ಬಿಡ್ತು" ಎಂದು ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು.

ಆ ಮನೆ ಅಮೂಲ್ಯಾಗೆ ಬಲು ಹಿಡಿಸಿಬಿಟ್ಟಿತ್ತು. ಬೈಯುತ್ತಲೇ ತಟ್ಟೆಗೆ ಬಡಿಸುವ ಅಜ್ಜಿ, ನೋವಿನಲ್ಲೂ ಕೀಟಲೆ ಬಿಡದ ಅಜ್ಜ. ಈ ಕೆಲಸಕ್ಕೆ ತಾನು ಲಾಯಕ್ಕೋ ಇಲ್ಲವೋ ಎಂಬ ಅಳುಕು ಇಲ್ಲಿಗೆ ಬಂದಾಗ ಮಾತ್ರ ಕಡಿಮೆಯಾಗುತ್ತಿತ್ತು. ಅಂಥ ಮನೆಯಲ್ಲೇ ಅವಳು ಎಡವಿದ್ದು.

ಅದಕ್ಕೂ ಹಿಂದಿನ ದಿನ ತರಗತಿಯಲ್ಲಿ ವಾಣಿ ಮೇಡಂ ಒತ್ತಿ ಹೇಳಿದ್ದರು: "ಹಾಸಿಗೆ ಹಿಡಿದವರಿಗೆ ಉಳಿಸಿಕೊಳ್ಳಕ್ಕಾಗದ ಮಾತು ಕೊಡಬೇಡಿ. ಅವರು ದಾರಿ ಕಾಯ್ತಾ ಇರ್ತಾರೆ." ಮುಂದಿನ ವಾರ ತನ್ನನ್ನು ಬೇರೆ ಮನೆಗಳಿಗೆ ಹಾಕಬಹುದು ಎಂಬ ಸುದ್ದಿಯೂ ಅಮೂಲ್ಯಾಳ ಕಿವಿಗೆ ಬಿದ್ದಿತ್ತು. ಮರುದಿನ ಬೀರಪ್ಪನವರ ಮನೆಯಿಂದ ಹೊರಡುವ ಹೊತ್ತಿಗೆ ಬಂಗಾರಮ್ಮ ಕುಂಕುಮದ ಭರಣಿ ಹಿಡಿದು ಬಂದರು. ಅಮೂಲ್ಯಾ ಕುಂಕುಮ ಇಟ್ಟುಕೊಂಡು, "ಬರ್ತೀನಿ" ಎನ್ನಲು ಬಾಯಿ ತೆರೆದವಳು, ಪಾಠ ನೆನಪಾಗಿ ತಡೆದು, ಸ್ಪಷ್ಟವಾಗಿ ಹೇಳಿದಳು:

"ಹೋಗ್ತೀನಿ ಅಜ್ಜ."

ಸುವರ್ಣಮ್ಮ ನಾಲಿಗೆ ಕಚ್ಚಿಕೊಂಡರು. ಬಂಗಾರಮ್ಮನವರ ಕೈಯಲ್ಲಿದ್ದ ಭರಣಿ ಅಲ್ಲೇ ನಿಂತಿತು.

"ಏನಂದೆ? ಕಾಯಿಲೆ ಮನುಷ್ಯನ ಮುಂದೆ ಹೋಗ್ತೀನಿ ಅಂತೀಯಾ? ಬಿಡ್ತು ಅನ್ನು!"

"ಬಿಡ್ತು ಅಜ್ಜಿ, ಬಿಡ್ತು. ನಾನು ಆ ಅರ್ಥದಲ್ಲಿ..."

"ಅರ್ಥ ಕಟ್ಕೊಂಡು ನಂಗೇನಾಗ್ಬೇಕು! ಸುವರ್ಣಮ್ಮ, ಇನ್ಮೇಲೆ ಈ ಹುಡುಗೀನ ಕರ್ಕೊಂಡ್ ಬರ್ಬೇಡಿ."

ಶಿವಮೊಗ್ಗ ಸೇರುವವರೆಗೂ ಅಮೂಲ್ಯಾ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಮರುದಿನ ವಾಣಿ ಮೇಡಂ ಎಲ್ಲ ಕೇಳಿ ಮೊದಲು ನಕ್ಕುಬಿಟ್ಟರು, ಆಮೇಲೆ ಅವಳ ಮುಖ ನೋಡಿ ನಗು ನುಂಗಿಕೊಂಡರು.

"ಅಲ್ವೇ, 'ಬರ್ತೀನಿ' ಅನ್ನೋದು ಮಾತು ಕೊಡೋದಲ್ಲ ಕಣೆ. ಅದು ನಮಸ್ಕಾರ ಇದ್ದ ಹಾಗೆ. ಇದನ್ನ ನಾನೇ ಹೇಳ್ಬೇಕಿತ್ತು."

"ಮೇಡಂ, ನನ್ನನ್ನ ಆಫೀಸ್ ಕೆಲಸಕ್ಕೆ ಹಾಕ್ಬಿಡಿ. ಇದು ನನ್ನ ಕೈಲಾಗೋದಲ್ಲ."

"ಆ ಮನೆಗೆ ಇನ್ನೊಂದ್ಸಲ ಹೋಗೋ ಹಾಗಾದ್ರೆ ಹೋಗ್ತೀಯಾ?"

"ಓಡ್ಕೊಂಡ್ ಹೋಗ್ತೀನಿ. ಆದ್ರೆ ಸೇರಿಸ್ಬೇಕಲ್ಲ."

"ಹಾಗಾದ್ರೆ ಆಫೀಸ್ ಮಾತು ಆಮೇಲೆ ನೋಡೋಣ," ಎಂದರು ವಾಣಿ.

ಕೆಲವು ದಿನ ಕಳೆದ ಮೇಲೆ ಬೀರಪ್ಪನವರ ಸೊಸೆ ವೀಣಾ ಫೋನ್ ಮಾಡಿದಳು. "ಮಾವ ಅನ್ನ ಮುಟ್ತಿಲ್ಲ ರೀ. 'ಹೋಗ್ತೀನಿ ಅಂದ ಹುಡುಗೀನ ಕರೆಸಿ' ಅಂತ ಒಂದೇ ಹಟ. ಅತ್ತೆ ಏನಾದ್ರೂ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಬನ್ನಿ."

ಅಮೂಲ್ಯಾ ಸಿಕ್ಕಿದ ಬಸ್ಸು ಹತ್ತಿದಳು. ದಾರಿಯ ಮಾಚೇನಹಳ್ಳಿಯಲ್ಲಿ ಕಾರ್ಖಾನೆಗಳ ಪಾಳಿ ಮುಗಿಸಿದವರು ನುಗ್ಗಿ ಬಸ್ಸು ತುಂಬಿದರೂ ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅಜ್ಜಿಯ ಮುಂದೆ ಏನು ಹೇಳಲಿ ಎಂದು ಜೋಡಿಸುತ್ತಾ ಕೆಡಿಸುತ್ತಾ ಇದ್ದಳು. ಜೋಡಿಸಿದ್ದೇನೂ ಬೇಕಾಗಲಿಲ್ಲ. ಬಂಗಾರಮ್ಮ "ಬಂದ್ಯಾ" ಎಂದಷ್ಟೇ ಹೇಳಿ ಅಡುಗೆಮನೆಗೆ ನಡೆದರು.

ಬೀರಪ್ಪ ಇನ್ನೂ ಇಳಿದುಹೋಗಿದ್ದರು. ದನಿ ಮಾತ್ರ ಹಾಗೇ ಇತ್ತು.

"ಅಜ್ಜ, ಅವತ್ತು ತಪ್ಪಾಯ್ತು."

"ಯಾರಂದ್ರು ತಪ್ಪು ಅಂತ? ಬರ್ತೀನಿ ಅಂದೋರೆಲ್ಲ ಬಂದಿದ್ರೆ ಈ ಮನೇಲಿ ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ ಮಾರಾಯ್ತಿ." ಉಸಿರು ಎಳೆದುಕೊಂಡರು. "ಆ 'ಹೋಗ್ತೀನಿ' ಅನ್ನೋ ಮಾತು ನನ್ನ ಗಂಟಲಲ್ಲೇ ಸಿಕ್ಕಾಕ್ಕೊಂಡಿತ್ತು. ಎಷ್ಟು ದಿನದಿಂದ ಆಡ್ಬೇಕು ಅಂತಿದ್ದೆ. ನೀನು ಎಷ್ಟು ಸಲೀಸಾಗಿ ಅಂದ್ಬಿಟ್ಟೆ! ಅವತ್ತಿಂದ ನಂಗೆ ಹಗುರ ಆಗಿದೆ, ಗೊತ್ತಾ."

ಅಮೂಲ್ಯಾ ಹತ್ತಿರಕ್ಕೆ ಸರಿದಳು. ಕಲಿತಿದ್ದ ಪ್ರಶ್ನೆಗಳು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದಳು. "ಯಾರ ಹತ್ರ ಆಡ್ಬೇಕಿತ್ತು ಅಜ್ಜ?"

"ಇನ್ಯಾರ ಹತ್ರ? ಅವಳ ಹತ್ರ." ಕಣ್ಣು ಅಡುಗೆಮನೆ ಕಡೆ ಹೊರಳಿತು. "ಕುಲುಮೆ ಶಾಖಕ್ಕೆ ಮೈಯೆಲ್ಲ ಬೊಬ್ಬೆ ಎದ್ದಾಗ ರಾತ್ರಿಯೆಲ್ಲ ಬೀಸಣಿಗೆ ಬೀಸಿದೋಳು. ಇವತ್ತಿನವರೆಗೂ ಒಂದು ಒಳ್ಳೆ ಮಾತು ಹೇಳ್ಲಿಲ್ಲ ನಾನು. ಉಪಕಾರ ಆಯ್ತು ಕಣೇ ಅಂತ ಹೇಳಿ ಹೊರಡೋಣ ಅಂದ್ರೆ, ಹೊರಡೋ ಮಾತಿಗೇ ಬಿಡ್ತು ಅನ್ನಿಸ್ತಾಳೆ."

ಅಮೂಲ್ಯಾ ಎದ್ದು ಅಡುಗೆಮನೆಗೆ ಹೋದಳು. ಈಗ ಇನ್ನೊಂದು ಮಾತು ತಪ್ಪಿದರೆ ಈ ಮನೆಯ ಋಣ ಮುಗಿದ ಹಾಗೆಯೇ.

"ಅಜ್ಜಿ, ಅಜ್ಜನಿಗೆ ನಿಮ್ಮ ಹತ್ರ ಏನೋ ಹೇಳ್ಬೇಕಂತೆ. ಮಧ್ಯದಲ್ಲಿ ಬಿಡ್ತು ಅನ್ನಿಸ್ದೆ ಒಂದ್ಸಲ ಕೇಳ್ತೀರಾ?"

ಬಂಗಾರಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಏನ್ ಹೇಳ್ತಾರೆ ಅಂತ ನಂಗೊತ್ತಿಲ್ವಾ? ಕೇಳಿದ್ರೆ ಅದು ನಿಜ ಆಗ್ಬಿಡುತ್ತೆ."

ಅಮೂಲ್ಯಾ ಸಮಾಧಾನ ಹೇಳಲು ಹೋಗಲಿಲ್ಲ. ಪಕ್ಕದಲ್ಲಿ ಕೂತು ತಾನೂ ಒಂದು ಕಡ್ಡಿ ಸೊಪ್ಪು ಎತ್ತಿಕೊಂಡಳು. ಎಲೆ ಬಿಡಿಸುತ್ತಲೇ ಹೇಳಿದಳು, "ಅವರು ಹೇಳ್ಬೇಕು ಅಂತಿರೋದು ಬರೀ ಹೊರಡೋ ಮಾತಲ್ಲ ಅಜ್ಜಿ. ನಿಮ್ಮ ಬಗ್ಗೆ."

"ನನ್ನ ಬಗ್ಗೆಯಾ?" ಬಂಗಾರಮ್ಮ ಈಗ ತಲೆಯೆತ್ತಿದರು. "ಸಾರಿಗೆ ಉಪ್ಪು ಕಮ್ಮಿ ಅಂತನಾ?"

"ನೀವೇ ಕೇಳಿ."

ಸೆರಗಿಗೆ ಕೈ ಒರೆಸಿಕೊಂಡು ಬಂಗಾರಮ್ಮ ಮಂಚದ ಬಳಿ ಬಂದು ನಿಂತರು. "ಏನು? ಹೇಳಿ. ಬಾಯಿ ಮುಚ್ಕೊಂಡಿರ್ತೀನಿ."

"ನಿನ್ನ ಕೈಲಾಗುತ್ತಾ?"

"ಹೇಳಿ ಅಂದ್ನಲ್ಲ."

"ಮೊದ್ಲು ಕೂತ್ಕೋ ಬಾರೇ, ಬಂಗಾರಿ."

ಆ ಹೆಸರಿನಿಂದ ಅವರು ಕರೆದದ್ದನ್ನು ಸೊಸೆಯೂ ಕೇಳಿರಲಿಲ್ಲವೇನೋ. ವೀಣಾ ಸೆರಗು ಬಾಯಿಗಿಟ್ಟುಕೊಂಡು ಅಮೂಲ್ಯಾಳ ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡು ಬಂದಳು. ಇಂಥ ಗಳಿಗೆಗೆ ತನ್ನನ್ನೂ ಕರೆಸಿಕೊಂಡರಲ್ಲ ಎಂದು ಅಮೂಲ್ಯಾಳ ಮನಸ್ಸು ತುಂಬಿ ಬಂತು.

ಒಳಗಿನಿಂದ ಬಂಗಾರಮ್ಮನವರ ದನಿ ಕೇಳಿತು. "ಏ ಹುಡುಗಿ! ಊಟ ಮಾಡ್ದೆ ಹೊರಟೆಯೋ, ನೋಡು ಮತ್ತೆ!"

"ಇಲ್ಲ ಅಜ್ಜಿ, ಇಲ್ಲೇ ಇದೀನಿ."

ಬಂಗಾರಮ್ಮ ಎದ್ದು ಬಂದು, ಒಳಗಿನಿಂದ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿಕೊಂಡರು.