ಹಿಡಿಯ ಕೆಳಗಿನ ಸಂಖ್ಯೆ

ಅಜ್ಜನ ರಿವಾಲ್ವರ್ ಅಡುಗೆಮನೆಯಲ್ಲಿ ಬ್ರೆಡ್ ಡಬ್ಬಿಯ ಹಿಂದೆ, ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಇರುತ್ತಿತ್ತು. ಅವನು ತೀರಿಕೊಂಡ ಮೇಲೂ ನಾನು ಅದನ್ನು ಕದಲಿಸಲಿಲ್ಲ. ಮನೆಯಲ್ಲಿ ಈಗ ನಾನೊಬ್ಬಳೇ. ಯಾವ ವಸ್ತು ಎಲ್ಲಿದೆ ಎಂದು ಕೇಳುವವರು ಯಾರೂ ಇಲ್ಲ.

ಅಜ್ಜ ಸ್ಟೀಫನ್ ಹುಡಾಕ್ ನಮ್ಮೂರಿನ ಪೊಲೀಸನಾಗಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದ. ಆ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಅದಕ್ಕೂ ಹಿಂದಿನದು. ೧೯೨೮ರ ಮುಷ್ಕರದಲ್ಲಿ ಲ್ಯಾಂಟರ್ನ್ ಹಿಲ್ ಕಲ್ಲಿದ್ದಲು ಕಂಪನಿ ತನ್ನದೇ ಪೊಲೀಸರನ್ನು ಇಟ್ಟುಕೊಂಡು, ಗಣಿ ಕಾರ್ಮಿಕರ ಸಂಸಾರಗಳನ್ನು ಮನೆಗಳಿಂದ ಫೆಬ್ರವರಿಯ ಹಿಮಕ್ಕೆ ದಬ್ಬಿಸಿತ್ತು. ಅಜ್ಜ ಆ ಪೊಲೀಸರಲ್ಲೊಬ್ಬ ಎಂದು ಊರು ನಂಬಿತ್ತು. "ಆ ವರ್ಷ ನಾನು ಒಹಾಯೋದ ಉಕ್ಕಿನ ಕಾರ್ಖಾನೇಲಿದ್ದೆ. ಆ ರಿವಾಲ್ವರೂ ಅಲ್ಲೇ ಕೊಂಡಿದ್ದು" ಎಂದು ಅವನು ಕೊನೆಯವರೆಗೂ ಹೇಳಿದ. ನಾನು ನಂಬಿದೆ. ನಂಬಿದವಳು ನಾನೊಬ್ಬಳೇ.

ಅವನಿಗೆ ಪಾರ್ಶ್ವವಾಯು ಹೊಡೆದಾಗ ನಾನು ಶಾಲೆ ಬಿಟ್ಟೆ. ಆಗ ನನಗೆ ಹದಿನೈದು. ಹೊರಗೆ ಹೋಗುತ್ತಿದ್ದದ್ದು ಶುಕ್ರವಾರ ಮಾತ್ರ, ಚರ್ಚಿನ ನೆಲಮಾಳಿಗೆಗೆ. ಅಲ್ಲಿ ಹೆಂಗಸರೆಲ್ಲ ಸೇರಿ ಮಾರಾಟಕ್ಕೆ ಪಿರೋಗಿ ಕಡುಬು ಮಾಡುತ್ತಾರೆ. ಉದ್ದನೆಯ ಮೇಜಿನಲ್ಲಿ ಅಂಚು ಒತ್ತುವವರು ಕೂರುತ್ತಾರೆ. ಮಾತು, ನಗು, ಊರಿನ ಸುದ್ದಿಯೆಲ್ಲ ಅಲ್ಲೇ. ಆಲೂಗಡ್ಡೆ ಸುಲಿಯುವ ಬಕೆಟ್ಟು ಬಾಯ್ಲರ್ ಪಕ್ಕದ ಮೂಲೆಯಲ್ಲಿ. ಒಂಬತ್ತು ವರ್ಷ ನಾನು ಆ ಮೂಲೆಯಲ್ಲಿ ಸುಲಿದೆ. ಹೋಗೆಂದು ಯಾರೂ ಅನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ.

ಅಜ್ಜ ಸತ್ತ ಚಳಿಗಾಲದಲ್ಲಿ ರಿವಾಲ್ವರ್ ತಯಾರಿಸಿದ ಕಾರ್ಖಾನೆಗೆ ಕಾಗದ ಬರೆದೆ. ಸಂಖ್ಯೆ ಕೊಟ್ಟರೆ ಅವರು ಹಳೆಯ ದಾಖಲೆ ನೋಡಿ, ಅದನ್ನು ಯಾವಾಗ, ಎಲ್ಲಿಗೆ ಕಳಿಸಿದ್ದೆಂದು ತಿಳಿಸುತ್ತಾರೆ ಎಂದು ಪತ್ರಿಕೆಯೊಂದರಲ್ಲಿ ಓದಿದ್ದೆ. ಗುಂಡು ತುಂಬುವ ಉರುಳೆಯನ್ನು ಪಕ್ಕಕ್ಕೆ ಸರಿಸಿದಾಗ ಒಳಗೆ ಐದು ಅಂಕಿಗಳು ಕಂಡವು. ಅವನ್ನೇ ಬರೆದು ಕಳಿಸಿದೆ. ಏಳು ವಾರಕ್ಕೆ ಉತ್ತರ ಬಂತು: ೧೯೦೭ರಲ್ಲಿ, ಒಹಾಯೋದ ಒಂದು ಹಾರ್ಡ್‌ವೇರ್ ಅಂಗಡಿಗೆ.

ಒಹಾಯೋ. ಆ ಪದವನ್ನು ಬೆರಳಿಟ್ಟು ಓದಿದೆ.

ಆ ಶುಕ್ರವಾರ ಕಾಗದವನ್ನು ಮಿಸೆಸ್ ಬೆಂಚೋ ಮುಂದೆ ಇಟ್ಟೆ. ಮನೆಯಿಂದ ಹೊರಬಿದ್ದ ಸಂಸಾರಗಳಲ್ಲಿ ಅವರದೂ ಒಂದು. ಆ ಹಿಮದಲ್ಲೇ ಅವರ ಪುಟ್ಟ ತಂಗಿ ತೀರಿಹೋದಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೋಟನ್ನು ಎತ್ತಿಕೊಂಡರು.

"ಕೂತ್ಕೋ ಮಾರ್ಲಾ. ಕೈಗೆ ಹಿಟ್ಟು ಹಚ್ಕೋ, ಇಲ್ದಿದ್ರೆ ಅಂಟುತ್ತೆ."

ಐದು ಶುಕ್ರವಾರ ನಾನು ಅಂಚು ಒತ್ತಿದೆ. ನನ್ನ ಕಡುಬುಗಳು ಬಾಯಿ ಬಿಡುತ್ತಿದ್ದವು. "ಇವಳ ಕಡುಬಿಗೆ ನಮಗಿಂತ ಬಾಯಿ ಜಾಸ್ತಿ" ಎಂದು ಯಾರೋ ನಕ್ಕರು. ಅದನ್ನು ಮನೆಗೆ ಹೋಗಿ ನೆನೆದು ನಾನೂ ನಕ್ಕೆ.

ಏಪ್ರಿಲ್‌ನಲ್ಲಿ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಹಳೆಯ ಬಂದೂಕುಗಳ ಸಂತೆ ನಡೆಯಿತು. ನಾವು ಅಲ್ಲಿ ಊಟ ಮಾರುತ್ತಿದ್ದೆವು. "ನಿನ್ನಜ್ಜನ ರಿವಾಲ್ವರನ್ನ ಆ ಎಮರಿ ಸ್ಟಾಲ್‌ಗೆ ತೋರ್ಸು" ಎಂದರು ಮಿಸೆಸ್ ಬೆಂಚೋ. "ಇನ್ನೂ ಅನುಮಾನ ಪಡೋರಿದ್ದಾರಲ್ಲ, ಅವರ ಬಾಯಿ ಮುಚ್ಚಲಿ."

ಎಮರಿ ಸ್ಟಾಲ್ ಹಳೆಯ ಪೊಲೀಸ್ ರಿವಾಲ್ವರುಗಳನ್ನೇ ಹುಡುಕಿ ಕೂಡಿಡುವ ಮುದುಕ. ಉರುಳೆ ತೆರೆದು ಖಾಲಿಯೆಂದು ನೋಡಿಕೊಂಡ. ಕಾಗದ ಓದಿದ. ಆಮೇಲೆ ರಿವಾಲ್ವರನ್ನು ತಿರುಗಿಸಿ ನೋಡಿದ.

"ಸಾವಿರದ ಒಂಬೈನೂರ ಏಳಾ? ಇದರ ಅಮ್ಮಾನೂ ಆಗ ಹುಟ್ಟಿರ್ಲಿಲ್ಲ ಕಣಮ್ಮ. ಈ ಅಂಕಿ ಎಲ್ಲಿ ಸಿಕ್ತು?"

ತೋರಿಸಿದೆ. ಅವನು ತಲೆಯಾಡಿಸಿದ.

"ಎಲ್ಲರೂ ಬೀಳೋ ಗುಂಡಿ ಇದು, ನಾನೂ ಬಿದ್ದಿದ್ದೆ. ಇದು ಕಾರ್ಖಾನೆಯೋರು ಭಾಗಗಳನ್ನ ಜೋಡಿಸ್ವಾಗ ಗುರುತಿಗೆ ಹಾಕ್ಕೊಂಡಿದ್ದು. ಕಾಗದದಲ್ಲಿರೋದು ಇದೇ ಅಂಕಿಯ ಬೇರೆ ಯಾವುದೋ ರಿವಾಲ್ವರ್. ನಿಜವಾದ ಸಂಖ್ಯೆ ಹಿಡಿಯ ಬುಡದಲ್ಲಿರುತ್ತೆ. ಈ ಮರದ ಹಿಡಿ ದಪ್ಪ, ಆಮೇಲೆ ಹಾಕ್ಸಿದ್ದು. ಅದನ್ನೇ ಮುಚ್ಚಿದೆ ನೋಡು. ಬಿಚ್ಲಾ?"

ಬೇಡ ಎನ್ನಲು ನನಗೆ ಒಂದು ಕ್ಷಣ ಇತ್ತು. "ಬಿಚ್ಚಿ" ಎಂದೆ.

ಸ್ಕ್ರೂ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ತಿರುಗಿಸಿದ. ಮರದ ಎರಡು ಹೋಳು ಬಿದ್ದವು. ಉಕ್ಕಿನ ಬುಡದಲ್ಲಿ ಆರಂಕಿಯ ಸಂಖ್ಯೆ. ಅದರ ಪಕ್ಕದಲ್ಲಿ ಕೊರೆದ ಅಕ್ಷರಗಳು: ಲ್ಯಾಂಟರ್ನ್ ಹಿಲ್ ಕಂಪನಿ ಪೊಲೀಸ್, ನಂ. ೩೧. ಅಕ್ಷರಗಳ ಮೇಲೆ ಅರದಿಂದ ಉಜ್ಜಿದ ಗೀರುಗಳಿದ್ದವು. ಉಜ್ಜುತ್ತಾ ಉಜ್ಜುತ್ತಾ ಯಾರೋ ಅರ್ಧಕ್ಕೇ ಬಿಟ್ಟಂತಿತ್ತು.

"ಇಪ್ಪತ್ತೇಳರ ಹೊತ್ತಿನದು" ಎಂದ ಎಮರಿ. ದನಿಯಲ್ಲಿ ಆಸೆ ಇತ್ತು. "ಕಂಪನಿ ಪೊಲೀಸರದ್ದು ಸಿಗೋದೇ ಇಲ್ಲ. ಕೊಡ್ತೀಯಾ?"

"ಇಲ್ಲ."

"ಸರಿ. ಹಿಡಿ ಮತ್ತೆ ಹಾಕ್ಕೊಡ್ಲಾ? ಯಾರಿಗೂ ಕಾಣಲ್ಲ."

ಅಜ್ಜನ ಕೈ ನೆನಪಾಯಿತು. ಅವನು ಊರ ಬೀದಿಗಳಲ್ಲಿ ಒಬ್ಬನೇ ತಿರುಗುವಾಗ ಆ ಕೈ ಎಷ್ಟು ವರ್ಷ ಈ ಮರದ ಮೇಲೆ ಇತ್ತೋ. ನನಗೆ ಬ್ರೆಡ್ ಮುರಿದು ತಿನ್ನಿಸಿದ್ದೂ, ಜಡೆ ಹೆಣೆದದ್ದೂ ಅದೇ ಕೈ.

"ಬೇಡ" ಎಂದು ಮರದ ಹೋಳುಗಳನ್ನು ಜೇಬಿಗೆ ಹಾಕಿಕೊಂಡೆ.

ಮಿಸೆಸ್ ಬೆಂಚೋ ಬಾಣಲೆಯಲ್ಲಿ ಈರುಳ್ಳಿ ಬಾಡಿಸುತ್ತಿದ್ದರು. "ಏನಂದ?" ಎಂದು ತಿರುಗದೆಯೇ ಕೇಳಿದರು.

"ನಾನು ಕಳಿಸಿದ ಸಂಖ್ಯೆ ತಪ್ಪು. ಇದು ಕಂಪನಿಯದೇ. ಇಲ್ಲಿ ಬರೆದಿದೆ."

ಅವರು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದರು. ಅಕ್ಷರಗಳನ್ನು ಮುಟ್ಟಲಿಲ್ಲ; ಬಗ್ಗಿ ಓದಿದರು.

"ನಿಂಗೆ ಗೊತ್ತಿತ್ತಾ?"

"ಇಲ್ಲ."

"ಹೇಳ್ದೆ ಇರಬಹುದಿತ್ತು ನೀನು."

ಅವರು ಒಲೆಯ ಕಡೆ ತಿರುಗಿದರು. ಈರುಳ್ಳಿ ಆಗಲೇ ಸೀದಿತ್ತು.

ಮುಂದಿನ ಶುಕ್ರವಾರ ನೆಲಮಾಳಿಗೆಗೆ ಇಳಿದಾಗ, ಮೇಜಿನ ಪಕ್ಕದ ಆ ಕುರ್ಚಿಯ ಮೇಲೆ ಮತ್ತೆ ಮಿಸೆಸ್ ಬೆಂಚೋ ಅವರ ಕೋಟು ಇತ್ತು. ಯಾರೂ ತಲೆಯೆತ್ತಲಿಲ್ಲ. ನಾನು ಬಾಯ್ಲರ್ ಪಕ್ಕ ಕೂತು ಚಾಕು ತೆಗೆದುಕೊಂಡೆ. ಹನ್ನೊಂದು ಗಂಟೆಯ ಹೊತ್ತಿಗೆ ಎರಡನೆಯ ಬಕೆಟ್ಟು ತುಂಬುತ್ತಾ ಬಂತು. ಅದನ್ನು ಒಯ್ಯಲು ಯಾವಾಗಲೂ ಬರುವವಳ ಬದಲು ಮಿಸೆಸ್ ಬೆಂಚೋ ಬಂದರು. ಒಂದು ಆಲೂಗಡ್ಡೆ ಎತ್ತಿ ಬೆಳಕಿಗೆ ಹಿಡಿದರು.

"ಕಪ್ಪು ಉಳಿದಿದೆ. ಚಾಕು ತುದೀಲಿ ಪೂರ್ತಿ ತೆಗೀಬೇಕು."

ಅದನ್ನು ನನ್ನ ಮಡಿಲಿಗೆ ಹಾಕಿ, ಬಕೆಟ್ಟು ಎತ್ತಿಕೊಂಡು ಹೋದರು. ಆ ಮೂಲೆಯಲ್ಲಿ ಒಬ್ಬರು ನನ್ನೊಡನೆ ಮಾತನಾಡಿದ್ದು ಅದೇ ಮೊದಲು. ನಾನು ಚಾಕುವಿನ ತುದಿ ಊರಿ, ಆ ಕಪ್ಪನ್ನು ನಿಧಾನವಾಗಿ ತೆಗೆದೆ.