ಆಲದ ಟೊಂಗೆಗೆ ಕಟ್ಟಿದ ಮಾಸು

ಎಮ್ಮೆ ಬೆಳಿಗ್ಗೆ ಆರಕ್ಕೇ ಈದಿತ್ತು. ಕರು ಎದ್ದು ನಿಂತು ಮೊಲೆ ಹುಡುಕಿದರೂ, ಕರುವಿನ ಹಿಂದೆಯೇ ಬೀಳಬೇಕಾದ ಮಾಸು ಬಿದ್ದಿರಲಿಲ್ಲ. ಮುಶಿಗೇರಿಯ ಚನ್ನವ್ವನ ಕೊಟ್ಟಿಗೆಯಲ್ಲಿ, ಎಮ್ಮೆಯ ಬಾಲದ ಹಿಂದೆ, ಐದು ತಾಸಿನಿಂದ ಕುಕ್ಕರಗಾಲಲ್ಲಿ ಕೂತಿದ್ದೆ. ಧಾರವಾಡದಲ್ಲಿ ಆರು ವರ್ಷ ಸಂಶೋಧನೆ ಮಾಡಿದವಳ ಘನತೆ ಇಷ್ಟೇ.

“ಬಾಯಾರ, ಚಾ ಕುಡೀರಿ. ಅದು ಬೀಳೂ ಹೊತ್ತಿಗೆ ಬೀಳತೈತಿ,” ಎಂದಳು ಚನ್ನವ್ವ.

“ಎಮ್ಮಿ ತಿಂದಬಿಟ್ಟರ ಏನ್ಮಾಡೂದ್ರಿ ಅವ್ವಾರ?”

“ತಿನ್ನಾಕ ಬಿಡತೇನೇನು? ತಿಂದರ ಹಾಲ ಬತ್ತತಾವ.”

ಆಡು, ಕುದುರೆ, ಬೆಕ್ಕು, ಎಲ್ಲದರ ಮಾಸೂ ನನಗೆ ಸಿಕ್ಕಿತ್ತು. ಎಮ್ಮೆಯದೊಂದೇ ಬಾಕಿ. ಹೋದ ವರ್ಷ ಸಿಕ್ಕದ್ದು, ಕೊಣ್ಣೂರಿನ ಸೇತುವೆ ಮುಳುಗಿ ಎರಡು ದಿನ ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡಾಗ ಕೆಟ್ಟುಹೋಯಿತು. ಈ ತಿಂಗಳ ಕೊನೆಗೆ ನನ್ನ ಪಿಎಚ್‌.ಡಿ. ಅವಧಿ ಮುಗಿಯುತ್ತದೆ.

ಪದವಿ ಹೋದರೆ ಹಾಳಾಗಲಿ. ನನಗೆ ಬೇಕಿದ್ದದ್ದು ಉತ್ತರ. ಎರಡು ವರ್ಷದ ಹಿಂದೆ ಏಳನೇ ತಿಂಗಳಲ್ಲಿ ನನ್ನ ಮಗಳು ಹೊಟ್ಟೆಯಲ್ಲೇ ಸತ್ತಳು. “ಮಾಸು ಸರಿಯಾಗಿ ಒಳಗಿಳಿದಿಲ್ಲ,” ಎಂದರು ಡಾಕ್ಟರು. ಎಮ್ಮೆಯಲ್ಲಿ ಮಾಸು ಗರ್ಭಕೋಶದ ಹೊಸ್ತಿಲಲ್ಲೇ ನಿಂತು ಕರುವನ್ನು ಸಾಕುತ್ತದೆ. ಮನುಷ್ಯರಲ್ಲಿ ಗೋಡೆ ಕೊರೆದು ತಾಯಿಯ ರಕ್ತಕ್ಕೇ ಬಾಯಿ ಹಾಕುತ್ತದೆ. ಜೀನುಗಳು ಮಾತ್ರ ಹೆಚ್ಚುಕಡಿಮೆ ಅವೇ. ಮೊಟ್ಟೆಯಿಡುತ್ತಿದ್ದ ಪೂರ್ವಜ ಪ್ರಾಣಿಗಳ ಮೈಯಲ್ಲಿ ಬೇರೆಲ್ಲೋ ದುಡಿಯುತ್ತಿದ್ದವುಗಳನ್ನೇ ಗರ್ಭಕೋಶ ಹೊಸ ಕೆಲಸಕ್ಕೆ ಹಚ್ಚಿತು. ಯಾವ ಜೀನು ಎಷ್ಟು ದುಡಿಯುತ್ತಿದೆ ಎಂಬುದರಲ್ಲಿದೆ ಎಲ್ಲ ವ್ಯತ್ಯಾಸ. ಎಲ್ಲ ಪ್ರಾಣಿಗಳದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಒಳಗಿಳಿಯುವುದನ್ನು ಮಾಸು ಕಲಿತದ್ದು ಹೇಗೆ, ನನ್ನೊಳಗೆ ಅದು ಮರೆತದ್ದು ಏನನ್ನು ಎಂಬುದು ತಿಳಿದೀತು ಎಂದು ನಂಬಿದ್ದೆ. ಆದರೆ ಆ ಜೀನುಗಳ ಸುದ್ದಿ ಹೊತ್ತ ಆರ್‌ಎನ್‌ಎ ಬಲು ನಾಜೂಕು. ಮಾಸು ಬಿದ್ದ ಕೂಡಲೇ ಕೊರೆಯುವ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸದಿದ್ದರೆ ಹಾಳಾಗುತ್ತದೆ.

ನಾಲ್ಕು ದಿನ ಕಾದದ್ದರಲ್ಲಿ ನನ್ನ ಕ್ಯಾನಿನ ನೈಟ್ರೋಜನ್ ಆರಿಹೋಗಿತ್ತು. ಗಜೇಂದ್ರಗಡದಿಂದ ಇನ್ನೊಂದು ಕ್ಯಾನು ತಂದ ಟೆಂಪೋದವನು ಹನ್ನೊಂದಕ್ಕೆ ಫೋನ್ ಮಾಡಿದ. ಗಾಡಿ ಊರೊಳಗೆ ಬರುವುದಿಲ್ಲವಂತೆ, ನಾನೇ ಕ್ರಾಸಿಗೆ ಬರಬೇಕಂತೆ.

“ಅವ್ವಾರ, ಲಗೂ ಬರತೀನಿ. ಅಷ್ಟರಾಗ ಬಿದ್ದರ ಕೆಡದಂಗ ನೋಡಕೋರಿ,” ಎಂದು ಓಡಿದೆ. ಹಾಗಂದವಳು ನಾನೇ, ಬೇರೆ ಯಾರನ್ನೂ ಬೈಯುವಂತಿಲ್ಲ.

ಕ್ಯಾನು ಹೊತ್ತು ತಿರುಗಿ ಬರುವಷ್ಟರಲ್ಲಿ ಅರ್ಧ ತಾಸು. ಚನ್ನವ್ವ ಅಂಗಳದಲ್ಲಿ ನಗುತ್ತಾ ನಿಂತಿದ್ದಳು. ಮೊಣಕೈವರೆಗೂ ಅರಿಷಿಣ.

“ನೀವ ಹೋದ ಕೂಡಲೆ ಬಿತ್ತು ನೋಡ್ರಿ. ಬಿಸಿನೀರಾಗ ಎರಡ ಸಲ ತೊಳದು, ಅರಿಷಿಣ, ಉಪ್ಪು ಹಚ್ಚಿ ಕಟ್ಟೀನಿ. ನಾಕ ದಿನ ಇಟ್ಟರೂ ಕೆಡೂದಿಲ್ಲ.”

ಬಿಳಿ ಧೋತರದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನೆದುರು ಚಾಚಿದಳು. ಗಂಟು ಇನ್ನೂ ಬೆಚ್ಚಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಲ್ಲೇ ಸಗಣಿಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಮಾಡಿದ್ದು ತಪ್ಪಾಯಿತೇನೋ ಎಂದು ಆಕೆ ಹೆದರಿದಳು. ಅಳುತ್ತಲೇ ಎಲ್ಲ ಹೇಳಿದೆ, ಮಗಳ ವಿಷಯವನ್ನೂ.

ಚನ್ನವ್ವ ಪಕ್ಕದಲ್ಲಿ ಕೂತಳು. ಬಾಯಾರ ಎನ್ನುವುದನ್ನು ಬಿಟ್ಟಳು.

“ಯವ್ವಾ, ಎಮ್ಮೀದು ಇರಲಿ. ನಿನ್ನ ಮಾಸ ಎಲ್ಲಿ ಹುಗದಿ?”

ಈ ಎರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಗೈಡು ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ. ಹೆರಿಗೆಯಾದ ದವಾಖಾನೆಯಿಂದ ನನ್ನ ಲ್ಯಾಬು ಎರಡೇ ಮೈಲಿ; ಫ್ರೀಜರಿನಲ್ಲಿ ಬೆಕ್ಕಿನ ಮಾಸಿಗೂ ಜಾಗ ಮಾಡಿದ್ದೆ. ಅವತ್ತು ನರ್ಸ್ ಮಾಸಿನ ಬಟ್ಟಲು ಹಿಡಿದು ಬಂದು, ಏನು ಮಾಡೋಣ ಎಂದು ಕೇಳಿದ್ದಳು. ನಾನು ಗೋಡೆಯ ಕಡೆ ಹೊರಳಿದ್ದೆ.

“ಕಸದಾಗ ಒಗೀರಿ ಅಂದೆ,” ಎಂದೆ.

ಚನ್ನವ್ವ ಗಂಟನ್ನು ನನ್ನ ಮಡಿಲಿಗಿಟ್ಟು ಬೇಲಿಯಾಚೆಯ ಆಲದ ಮರ ತೋರಿಸಿದಳು. ಹಾಲು ಬರುವ ಮರಕ್ಕೆ ಕಟ್ಟಿದರೆ ಎಮ್ಮೆಗೂ ಹಾಲು ಹೆಚ್ಚುತ್ತದೆಂದು ಇಲ್ಲಿಯವರ ನಂಬಿಕೆ.

“ಇದನ್ನರೆ ನೀನ ಕಟ್ಟ.”

ಕಟ್ಟಿದೆ. ಒಂದು ಗಂಟು ಹಾಕಿದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಸಾಕು ಬಿಡವಾ ಎಂದು ಚನ್ನವ್ವ ಕೈ ಹಿಡಿಯುವವರೆಗೂ ಹಾಕುತ್ತಲೇ ಇದ್ದೆ.